ವಿಯೆನ್ನಾದ ಡಾನ್ಸ್ ಸ್ಕಾಲರ್‌ಶಿಪ್‌ಗೆ ಅರ್ಜಿ: ಮೊದಲು ವಿಡಿಯೋ, ಕೊನೆಗೆ ಫಾರ್ಮ್

ನವೆಂಬರ್ ಕೊನೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. “ಅಕ್ಕಾ, ವಿಯೆನ್ನಾದ ಫಾರ್ಮ್ ತುಂಬಾಕತ್ತೇನಿ. ಎಲ್ಲಾ ಆಗೇತಿ, ವಿಡಿಯೋ ಒಂದ ಉಳದೈತಿ.” ಓದಿದ ಕೂಡಲೇ ಗೊತ್ತಾಗುತ್ತದೆ, ಈ ವರ್ಷವೂ ಈ ಹುಡುಗಿಯದು ಆಗುವುದಿಲ್ಲ ಅಂತ. ಡಾನ್ಸ್ ಕಡಿಮೆ ಇದೆ ಅಂತ ಹೀಗೆ ಹೇಳುತ್ತಿಲ್ಲ. ಅವಳು ಕೆಲಸವನ್ನು ತಿರುಗಾಮುರುಗಾ ಹಿಡಿದಿದ್ದಾಳೆ. ಮೊದಲು ಫಾರ್ಮ್, ಆಮೇಲೆ ಪತ್ರ, ಕೊನೆಯ ರಾತ್ರಿ ಮನೆಯ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ವಿಡಿಯೋ, ಆಯ್ಕೆಯಾದರೆ ನೋಡೋಣ ಅಂತ ಪಾಸ್‌ಪೋರ್ಟ್. ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಪಾಸ್‌ಪೋರ್ಟ್, ವಿಡಿಯೋ, ಬರವಣಿಗೆ, ಫಾರ್ಮ್. ಈ ಬರಹವೂ ಅದೇ ಸಾಲಿನಲ್ಲಿ ಹೋಗುತ್ತದೆ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಕ್ಲಾಸ್ ನಡೆಸುತ್ತೇನೆ. ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರೂ ಅರ್ಜಿ ತೋರಿಸಲು ಬರುತ್ತಾರೆ. ಕೆಳಗಿನ ತಪ್ಪುಗಳಲ್ಲಿ ಕೆಲವು ಅವರವು, ಕೆಲವು ನನ್ನವೇ.

ಶುರು ಮಾಡುವ ಮುಂಚೆ: ಇದು ನಿಮಗೆ ಹೊಂದುತ್ತದಾ?

ಉದಾಹರಣೆಗೆ ನಾನು ಹಿಡಿದಿರುವುದು ಡಾನ್ಸ್‌ವೆಬ್. ಆಸ್ಟ್ರಿಯಾದ ವಿಯೆನ್ನಾದಲ್ಲಿ ನಡೆಯುವ ಕಂಟೆಂಪರರಿ (ಸಮಕಾಲೀನ) ನೃತ್ಯೋತ್ಸವ ಇಂಪುಲ್ಸ್‌ಟಾಂಜ್‌ನ ಒಳಗೇ 1996ರಿಂದ ನಡೆಯುತ್ತಿರುವ ಕಾರ್ಯಕ್ರಮ. ಬೇರೆ ಬೇರೆ ದೇಶಗಳ ಯುವ ನರ್ತಕರು, ನೃತ್ಯ ಸಂಯೋಜಕರು ಜುಲೈ, ಆಗಸ್ಟ್‌ನಲ್ಲಿ ಸುಮಾರು ಐದು ವಾರ ಒಟ್ಟಿಗೆ ಇರುತ್ತಾರೆ. ಹಗಲು ವರ್ಕ್‌ಶಾಪ್, ಸಂಜೆ ಪ್ರದರ್ಶನ, ಜೊತೆಗೆ ಆ ವರ್ಷಕ್ಕೆ ನೇಮಿಸಿದ ಮಾರ್ಗದರ್ಶಕ ಕಲಾವಿದರು.

ಇದು ಹೊಸಬರಿಗೆ ಡಾನ್ಸ್ ಕಲಿಸುವ ಶಿಬಿರ ಅಲ್ಲ. ವೃತ್ತಿಯ ಹೊಸ್ತಿಲಲ್ಲಿ ಇರುವವರಿಗೆ ಮಾಡಿದ್ದು. ಎರಡು ವರ್ಷ ಕ್ಲಾಸಿಗೆ ಹೋಗಿ, ಗ್ಯಾದರಿಂಗ್‌ನಲ್ಲಿ ನಾಲ್ಕು ಸಲ ಕುಣಿದವರು ಅವಸರ ಮಾಡಬೇಡಿ. ಅಂಥವರು ಮೊದಲು ಬೆಂಗಳೂರಿನ ಅಟ್ಟಕ್ಕಳರಿ ನೃತ್ಯ ಕೇಂದ್ರದಂಥ ಕಡೆ ಸಣ್ಣ ವರ್ಕ್‌ಶಾಪ್ ಮಾಡಿ ಬನ್ನಿ. ಕಂಟೆಂಪರರಿ ಅಂದರೆ ಟಿವಿ ಶೋನಲ್ಲಿ ಅಳುತ್ತಾ ಮಾಡುವ ಲಿಫ್ಟು, ಪಲ್ಟಿ ಅಷ್ಟೇ ಅಂತ ತಿಳಿದುಕೊಂಡಿದ್ದರೆ ಆ ತಿಳುವಳಿಕೆ ಮೊದಲು ಅಲ್ಲಿ ಬಿಡುತ್ತದೆ.

ಇನ್ನೊಂದು ಮಾತು. ಎಲ್ಲ ಅಂತರರಾಷ್ಟ್ರೀಯ ಯೋಜನೆಗೂ ಅರ್ಜಿ ಫಾರ್ಮ್ ಇರುವುದಿಲ್ಲ. ರೋಲೆಕ್ಸ್‌ನವರ ಗುರು-ಶಿಷ್ಯ ಯೋಜನೆಗೆ ಬೇರೆಯವರು ನಿಮ್ಮ ಹೆಸರು ಸೂಚಿಸಬೇಕು, ನೀವಾಗಿ ಹಾಕುವ ಹಾಗಿಲ್ಲ. ಬ್ರಸೆಲ್ಸ್‌ನ ಪಾರ್ಟ್ಸ್ ಪೂರ್ತಿ ಶಾಲೆ, ಅದಕ್ಕೆ ಆಡಿಷನ್ ಕೊಡಬೇಕು. ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿ, ಒಂದೇ ಪತ್ರವನ್ನು ಎಲ್ಲ ಕಡೆ ಕಳಿಸಿದವರನ್ನು ನೋಡಿದ್ದೇನೆ. ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ. ವಯಸ್ಸು, ವಿಡಿಯೋದ ಉದ್ದ, ಭಾಷೆ, ಕೊನೆಯ ದಿನ, ಈ ನಾಲ್ಕನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ.

ಹಂತ 1: ನಮ್ಮೂರಿನ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿ

ಜುಲೈನಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಗೇ ಮುಗಿದು ಹೋಗುತ್ತದೆ. ಹಾಗಾಗಿ ತಯಾರಿ ಶುರುವಾಗಬೇಕಾದ್ದು ಒಂದು ವರ್ಷ ಮುಂಚೆ, ಕಾರಹುಣ್ಣಿಮೆಯ ಹೊತ್ತಿಗೆ.

ನಾಗರಪಂಚಮಿ ಒಳಗೆ ಪಾಸ್‌ಪೋರ್ಟ್ ಅರ್ಜಿ ಹೋಗಿರಲಿ. ಮಳೆಗಾಲದಲ್ಲಿ ವಿಡಿಯೋ ಮಾಡಲು ಹೋಗಬೇಡಿ. ಬೆಳಗಾವಿಯಲ್ಲಂತೂ ಬೆಳಕೇ ಇರುವುದಿಲ್ಲ, ತಗಡಿನ ಪತ್ರಾಸ್ ಮೇಲೆ ಮಳೆ ಬಿದ್ದರೆ ಬೇರೆ ಏನೂ ಕೇಳಿಸುವುದಿಲ್ಲ. ಆ ನಾಲ್ಕು ತಿಂಗಳು ಅಭ್ಯಾಸ ಮಾಡಿ. ಶೂಟಿಂಗ್‌ಗೆ ಒಳ್ಳೆಯ ಸಮಯ ದಸರಾ ಮುಗಿದು ದೀಪಾವಳಿ ಬರುವುದರೊಳಗಿನ ಎರಡು ಮೂರು ವಾರ. ಆಮೇಲೆ ಪಟಾಕಿ. ಅದು ಮುಗಿಯುವುದರೊಳಗೆ ರಾಜ್ಯೋತ್ಸವ, ಬೆಳಗಾವಿಯಲ್ಲಿ ಆಗ ಊರೆಲ್ಲ ಡಿಜೆ, ಡಾನ್ಸ್ ಕಲಿಸುವವರೆಲ್ಲ ಮೆರವಣಿಗೆಯಲ್ಲಿ. ತುಳಸಿ ಲಗ್ನ ಆದ ಮೇಲೆ ಮದುವೆ ಸುಗ್ಗಿ, ಒಂದು ಹಾಲ್ ಕೂಡ ಖಾಲಿ ಸಿಗದು. ನವೆಂಬರ್ ಕೊನೆಗೆ ಹಾಲ್ ಹುಡುಕುವವರಿಗೆ ಏನಾಗುತ್ತದೆ ಅಂತ ಇಷ್ಟರಲ್ಲೇ ಗೊತ್ತಾಗಿರಬೇಕಲ್ವಾ?

ಹಂತ 2: ಪಾಸ್‌ಪೋರ್ಟ್, ಅದರ ಜೊತೆಗೆ ಹೆಸರಿನ ಗಲಾಟೆ

ಬೆಳಗಾವಿಯಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಹುಬ್ಬಳ್ಳಿಯಲ್ಲಿ ದೊಡ್ಡ ಕೇಂದ್ರ ಇದೆ. ದೊಡ್ಡವರಿಗೆ 36 ಪುಟದ ಸಾಧಾರಣ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲೇ ಸಿಗುತ್ತದೆ, ಏಜೆಂಟ್ ಬೇಕಿಲ್ಲ.

ತೊಡಕು ಬರುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೂರನ್ನೂ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಓದಿ. ಒಂದರಲ್ಲಿ ಬಡಿಗೇರ, ಇನ್ನೊಂದರಲ್ಲಿ ಬಡಿಗೇರ್. ಒಂದರಲ್ಲಿ ಅಪ್ಪನ ಹೆಸರು ನಡುವೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಇಲ್ಲಿ ನಾವು ಗಮನಿಸುವುದಿಲ್ಲ, ವೀಸಾ ಕೌಂಟರ್‌ನಲ್ಲಿ ಗಮನಿಸುತ್ತಾರೆ. ತಿದ್ದುಪಡಿ ಇದ್ದರೆ ಆಧಾರ್‌ನಿಂದ ಶುರು ಮಾಡಿ, ಪಾಸ್‌ಪೋರ್ಟ್‌ಗೆ ಆಮೇಲೆ ಹೋಗಿ.

ಊರಿನ ಹೆಸರಿನಲ್ಲೂ ಹುಷಾರು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ನಿಮ್ಮ ಜನನ ಪತ್ರದಲ್ಲಿ ಹಳೆಯ ಹೆಸರೇ ಇರುತ್ತದೆ. ಬಾಗಲಕೋಟೆಯವರದು ಇನ್ನೂ ಒಂದು ಸುತ್ತು ಜಾಸ್ತಿ. ಆ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೆ ಮೊದಲು ಹುಟ್ಟಿದವರ ಕಾಗದದಲ್ಲಿ ಜಿಲ್ಲೆ ಬಿಜಾಪುರ. ಎರಡೂ ಒಂದೇ ಊರು ಅಂತ ಆಸ್ಟ್ರಿಯಾದ ಅಧಿಕಾರಿಗೆ ಗೊತ್ತಿರಬೇಕು ಅಂತೇನಿಲ್ಲ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಎಲ್ಲ ಫಾರ್ಮ್‌ನಲ್ಲೂ ಬರೆಯಿರಿ.

ಈಗಾಗಲೇ ಪಾಸ್‌ಪೋರ್ಟ್ ಇದ್ದವರು ಅವಧಿ ನೋಡಿಕೊಳ್ಳಿ. ಷೆಂಗನ್ ವೀಸಾಕ್ಕೆ (ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅದು ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ವಾಪಸ್ ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. 2 ಪುಟ ಖಾಲಿ ಇರಬೇಕು.

ಹಂತ 3: ವಿಡಿಯೋ

ನಿಮ್ಮ ಶ್ರಮದ ಮುಕ್ಕಾಲು ಪಾಲು ಇಲ್ಲಿ ಹೋಗಲಿ.

ಏನು ಕುಣಿಯಬೇಕು. ಕಳೆದ ವರ್ಷ ಗುಳೇದಗುಡ್ಡ ಕಡೆಯ ಒಬ್ಬ ಹುಡುಗ ಬಂದಿದ್ದ. ಟಿವಿಯಲ್ಲಿ ನೋಡಿ ಕಲಿತ ಮೂರು ನಿಮಿಷದ ತುಣುಕು. ಓಡಿ ಬಂದು ಮಂಡಿಯ ಮೇಲೆ ಜಾರುವುದು, ಎದೆ ಹಿಡಿದುಕೊಳ್ಳುವುದು, ಮೇಲೆ ನೋಡುವುದು. ಚೆನ್ನಾಗಿಯೇ ಮಾಡಿದ. ಆದರೆ ಅದು ಯಾರದೋ ಡಾನ್ಸ್, ಇವನದಲ್ಲ. ನಡುವೆ ನೀರು ಕುಡಿಯುತ್ತಾ ಕುಳಿತಾಗ, ಮನೆಯಲ್ಲಿ ಏನು ಕೆಲಸ ಅಂತ ಕೇಳಿದೆ. ಅಪ್ಪ ಖಣ ನೇಯುತ್ತಾರೆ, ಕುಣಿ ಮಗ್ಗ ಅಂದ. ಹೇಗೆ ಅಂದೆ. ಕುಳಿತಲ್ಲೇ ತೋರಿಸಿದ. ಸೊಂಟದಿಂದ ಕೆಳಗೆ ಕುಣಿಯೊಳಗೆ, ಅಂದರೆ ನೆಲದ ಗುಂಡಿಯೊಳಗೆ, ಕಾಲುಗಳು ಒಂದಾದ ಮೇಲೊಂದು ತುಳಿಯುತ್ತಿವೆ, ಮೇಲೆ ಕೈ ಲಾಳಿ ಎಳೆಯುತ್ತಿದೆ, ಕುತ್ತಿಗೆ ಮಾತ್ರ ಅಲುಗದೆ ಎಳೆಯನ್ನೇ ನೋಡುತ್ತಿದೆ. ಒಂದೇ ಮೈ, ಎರಡು ತಾಳ. “ತಮ್ಮಾ, ಇದನ್ನ ಎದ್ದು ನಿಂತು ಮಾಡು” ಅಂದೆ. ಆ ಹಾಲ್‌ನಲ್ಲಿದ್ದ ಎಲ್ಲರೂ ಮಾತು ನಿಲ್ಲಿಸಿದರು.

ಆ ವರ್ಷ ಅವನು ಆಯ್ಕೆಯಾಗಲಿಲ್ಲ. ಈಗ ಅದನ್ನೇ ಬೆಳೆಸುತ್ತಿದ್ದಾನೆ. ಹಾಗಂತ ಎಲ್ಲರೂ ಮಗ್ಗ, ರಂಟೆ, ಕುಂಟೆ ಹಿಡಿದುಕೊಂಡು ಬರಬೇಡಿ! ಹಳ್ಳಿಯ ವೇಷ ಹಾಕಿ ವಿದೇಶಿಯರಿಗೆ ತೋರಿಸುವುದು ಇನ್ನೊಂದು ಥರದ ನಕಲು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಚಲನೆ ನನ್ನ ಮೈಯಲ್ಲಿ ಎಲ್ಲಿಂದ ಬಂತು? ಉತ್ತರ ಭರತನಾಟ್ಯದ ಅರಮಂಡಿ ಇರಬಹುದು, ಪಾರಿಜಾತದ ಗೊಲ್ಲತಿಯ ನಡಿಗೆ ಇರಬಹುದು, ಕಬಡ್ಡಿಯ ರೇಡ್ ಕೂಡ ಇರಬಹುದು. ಉತ್ತರವೇ ಇಲ್ಲದಿದ್ದರೆ ಆ ತುಣುಕು ಬಿಡಿ.

ಎಲ್ಲಿ ಕುಣಿಯಬೇಕು. ನಮ್ಮ ಮನೆಗಳಲ್ಲಿ ನೆಲ ಫರಸಿ. ಶಹಾಬಾದ ಕಲ್ಲು, ಕಡಪಾ, ಇಲ್ಲಾಂದರೆ ಜಾರುವ ಟೈಲ್ಸ್. ಇದರ ಮೇಲೆ ಹಾರಿ ಹಾರಿ ನಾಲ್ಕು ತಿಂಗಳು ಅಭ್ಯಾಸ ಮಾಡಿದರೆ ಮೊಣಕಾಲು ಹೋಗುತ್ತದೆ. ನೆಲಕ್ಕೆ ಉರುಳುವ ಕೆಲಸ ಮಾಡಿದರೆ ಟೊಂಕದ ಎಲುಬಿನ ಮೇಲೆ ಕಪ್ಪು ಕಲೆ ಬೀಳುತ್ತದೆ. ಮರದ ನೆಲ ಹುಡುಕಿ. ಬ್ಯಾಡ್ಮಿಂಟನ್ ಕೋರ್ಟ್‌ಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಯಾರೂ ಇರುವುದಿಲ್ಲ, ಮೇಲ್ವಿಚಾರಕರನ್ನು ಕೇಳಿದರೆ ಕೊಡುತ್ತಾರೆ. ಜೂಡೋ ಮ್ಯಾಟ್ ಅಭ್ಯಾಸಕ್ಕೆ ಒಳ್ಳೆಯದು, ಶೂಟಿಂಗ್‌ಗೆ ಬೇಡ, ಪಾದ ಒಳಗೆ ಹೂತು ಹೋಗಿ ಕಾಣುವುದಿಲ್ಲ. ಎಚ್ಚರಿಕೆಯ ಗುರುತು: ಬೆಳಿಗ್ಗೆ ಎದ್ದು ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಮುಂಭಾಗ ಚುಚ್ಚುತ್ತಿದ್ದರೆ ಹಾರುವುದನ್ನು ಅವತ್ತೇ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಗೋಲಗುಂಬಜ್ ಮುಂದೆ, ಬಾದಾಮಿ ಗುಹೆ ಮುಂದೆ ಶೂಟ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ನೋಡುವವರು ಕಟ್ಟಡ ನೋಡುತ್ತಾರೆ. ಡ್ರೋನ್ ಅಂತೂ ಬೇಡವೇ ಬೇಡ.

ಕ್ಯಾಮೆರಾ. ಫೋನ್ ಸಾಕು. ಹಿಂದಿನ ಕ್ಯಾಮೆರಾ, ಅಡ್ಡ ಹಿಡಿದದ್ದು, ಸೊಂಟದ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ. ಐದಾರು ಮೀಟರ್ ದೂರ. ವೈಡ್ ಲೆನ್ಸ್ ಹಾಕಿದರೆ ಅಂಚಿನಲ್ಲಿ ಕಾಲು ಸೊಟ್ಟಗೆ ಕಾಣುತ್ತದೆ, ಸಾಧಾರಣ ಲೆನ್ಸೇ ಇರಲಿ. ಕೈ ಎತ್ತಿದಾಗಲೂ, ನೆಲಕ್ಕೆ ಬಿದ್ದಾಗಲೂ ಇಡೀ ಮೈ ಚೌಕಟ್ಟಿನೊಳಗೆ ಇರಬೇಕು. ನೂರಕ್ಕೆ ತೊಂಬತ್ತು ವಿಡಿಯೋದಲ್ಲಿ ಪಾದ ಕತ್ತರಿಸಿ ಹೋಗಿರುತ್ತದೆ, ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಲೆನ್ಸನ್ನು ಬಟ್ಟೆಯಿಂದ ಒರೆಸಿ. ಪರದೆ ಮೇಲೆ ನಿಮ್ಮ ಜಾಗವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ, ಇಲ್ಲವಾದರೆ ನೀವು ಅತ್ತ ಇತ್ತ ಹೋದಾಗ ಚಿತ್ರ ಬೆಳ್ಳಗೆ, ಕಪ್ಪಗೆ ಆಗುತ್ತಲೇ ಇರುತ್ತದೆ.

ಬೆಳಕು. ಕಿಟಕಿಯ ಬೆಳಕು ನಿಮ್ಮ ಮುಖದ ಕಡೆಯಿಂದಲೋ ಪಕ್ಕದಿಂದಲೋ ಬರಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ನೀವು ಬರೀ ನೆರಳು. ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ಮಾಡಲೇಬೇಕಾಗಿ ಬಂದರೆ ಒಂದು ಗುಟ್ಟು. ನಮ್ಮ ಕರೆಂಟ್ 50 ಹರ್ಟ್ಜ್, ಹಳೆಯ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಿಡಿಯೋದಲ್ಲಿ ಪಟ್ಟಿ ಪಟ್ಟಿಯಾಗಿ ಓಡುತ್ತದೆ. ಫೋನ್‌ನ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಹೋಗುತ್ತದೆ.

ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರ್, ಫ್ಲೆಕ್ಸ್, ಸನ್ಮಾನದ ಫೋಟೋ ತೆಗೆದುಬಿಡಿ. ಬಟ್ಟೆಯ ಬಣ್ಣ ಗೋಡೆಯ ಬಣ್ಣಕ್ಕೆ ಸೇರಿಹೋಗಬಾರದು. ಮೈಯ ಗೆರೆ ಕಾಣುವ ಹತ್ತಿಯ ಪ್ಯಾಂಟು, ಟೀ ಶರ್ಟ್ ಸಾಕು.

ಸಂಗೀತ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್ ಕೆಲವು ದೇಶಗಳಲ್ಲಿ ವಿಡಿಯೋವನ್ನೇ ತಡೆಯಬಹುದು, ಇಲ್ಲವೇ ಧ್ವನಿ ತೆಗೆಯಬಹುದು. ಇಲ್ಲಿ ನಿಮ್ಮ ಫೋನಿನಲ್ಲಿ ಸರಿಯಾಗಿ ಓಡುತ್ತಿರುತ್ತದೆ, ಅಲ್ಲಿ ಪರದೆ ಕಪ್ಪು. ಗೆಳೆಯರು ಯಾರಾದರೂ ಅಲ್ಲೇ ಕುಳಿತು ಹಲಗಿ ಬಾರಿಸಲಿ. ಅಥವಾ ಸಂಗೀತವೇ ಬೇಡ, ಉಸಿರು, ಪಾದದ ಸದ್ದು ಕೇಳಿದರೆ ತಪ್ಪೇನಿಲ್ಲ.

ಕತ್ತರಿಸುವುದು. ಒಂದೇ ಶಾಟ್. ಕಟ್, ಸ್ಲೋ ಮೋಷನ್, ಹೊಗೆ, ಫಿಲ್ಟರ್ ಯಾವುದೂ ಬೇಡ. ಮೊದಲ 20 ಸೆಕೆಂಡಿನಲ್ಲಿ ಗಣಪತಿ ಫೋಟೋ, ಹೆಸರಿನ ಟೈಟಲ್, ಅಕಾಡೆಮಿ ಲೋಗೋ ಇದ್ದರೆ ತೆಗೆಯಿರಿ. ನೂರಾರು ವಿಡಿಯೋ ನೋಡುವವರು ಆ 20 ಸೆಕೆಂಡಿನಲ್ಲೇ ಒಂದು ಅಂದಾಜಿಗೆ ಬಂದಿರುತ್ತಾರೆ. ಅವರು 3 ನಿಮಿಷ ಕೇಳಿದ್ದರೆ 3 ನಿಮಿಷ, ಮೂರೂವರೆ ಅಲ್ಲ.

ಅಪ್‌ಲೋಡ್. ಇಲ್ಲಿ ನನ್ನ ಕಥೆ. ನಾನು ಮೊದಲ ಸಲ ಅರ್ಜಿ ಹಾಕಿದಾಗ ವಿಡಿಯೋವನ್ನು ಪ್ರೈವೇಟ್ ಅಂತ ಇಟ್ಟಿದ್ದೆ. ನನ್ನ ಫೋನಿನಲ್ಲಿ ತೆರೆಯುತ್ತಿತ್ತು, ಯಾಕೆಂದರೆ ಅದು ನನ್ನದೇ ಖಾತೆ. ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ. ಕೊನೆಯ ದಿನ ಮುಗಿದು ಒಂದು ವಾರದ ಮೇಲೆ ತಂಗಿಗೆ ಕಳಿಸಿದಾಗ “ಅಕ್ಕಾ, ಇದು ಓಪನ್ ಆಗವಲ್ದು” ಅಂದಳು. ಆರು ತಿಂಗಳ ಕೆಲಸ ಯಾರೂ ನೋಡದೆ ಹೋಯಿತು. ಅನ್‌ಲಿಸ್ಟೆಡ್ ಅಂತ ಇಡಬೇಕು, ಅಂದರೆ ಲಿಂಕ್ ಇದ್ದವರೆಲ್ಲ ನೋಡಬಹುದು. ಆಮೇಲೆ ಬೇರೆಯವರ ಫೋನಿನಲ್ಲಿ, ಲಾಗಿನ್ ಇಲ್ಲದೆ, ತೆರೆದು ಪೂರ್ತಿ ನೋಡಿ. ಫಲಿತಾಂಶ ಬರುವವರೆಗೆ ಆ ವಿಡಿಯೋ ಮುಟ್ಟಬೇಡಿ.

ಹಂತ 4: ಯಾಕೆ ಹೋಗಬೇಕು ಅನ್ನುವ ಪತ್ರ

ಮೊದಲು ಕನ್ನಡದಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಗೆಳತಿಗೆ ವಾಯ್ಸ್ ಮೆಸೇಜ್ ಕಳಿಸಿ, ಅದನ್ನೇ ಕೇಳಿ ಬರೆದುಕೊಳ್ಳಿ. ಇಂಗ್ಲಿಷ್ ಕೊನೆಗೆ.

ಮೂರು ವಿಷಯ ಇರಲಿ. ಈಗ ಯಾವ ಕೆಲಸದಲ್ಲಿ ತೊಡಗಿದ್ದೀರಿ. ಅದರಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ. ಅದನ್ನು ಬಿಡಿಸಲು ಅಲ್ಲಿನ ಯಾವುದು ಬೇಕು. ಎರಡನೆಯದನ್ನು ಬರೆಯಲು ಎಲ್ಲರೂ ನಾಚಿಕೊಳ್ಳುತ್ತಾರೆ, ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಅಂತ. ಆದರೆ ಮಾರ್ಗದರ್ಶನ ಕೇಳುತ್ತಿರುವವರು ನೀವು. ಎಲ್ಲ ಬರುತ್ತದೆ ಅಂದರೆ ಯಾಕೆ ಕರೆಯಬೇಕು?

ಪತ್ರಗಳಲ್ಲಿ ನನಗೆ ಸಿಗುವ ಮೊದಲ ಸಾಲು ಯಾವಾಗಲೂ ಒಂದೇ. “ಮೂರು ವರ್ಷದವಳಿದ್ದಾಗಿನಿಂದ ನೃತ್ಯವೇ ನನ್ನ ಪ್ಯಾಷನ್.” ಹೊಡೆದು ಹಾಕಿ. ಅದರ ಜಾಗದಲ್ಲಿ ಮಗ್ಗದ ಹುಡುಗ ಬರೆದದ್ದನ್ನು ಓದಿ: “ಕಾಲಿನ ತಾಳ, ಕೈಯ ತಾಳ ಬೇರೆ ಇಟ್ಟುಕೊಂಡು ಜಾಗ ಬಿಟ್ಟು ಚಲಿಸಲು ನೋಡುತ್ತಿದ್ದೇನೆ. ಮೂರನೇ ಹೆಜ್ಜೆಗೆ ಎರಡೂ ಒಂದಾಗಿಬಿಡುತ್ತವೆ.” ಎರಡು ವಾಕ್ಯ. ಡಾನ್ಸ್ ಗೊತ್ತಿದ್ದವರಿಗೆ ಅಷ್ಟರಲ್ಲೇ ಹುಡುಗ ಕಾಣಿಸುತ್ತಾನೆ.

ಎಐಗೆ ಹೇಳಿ ಪತ್ರ ಬರೆಸುವವರು ಈಗ ಜಾಸ್ತಿ. ಎರಡು ವರ್ಷದಿಂದ ನನ್ನ ಹತ್ತಿರ ಬರುವ ಪತ್ರಗಳಲ್ಲಿ ಹೆಸರು ಮುಚ್ಚಿದರೆ ಯಾರದು ಯಾವುದು ಅಂತ ಹೇಳಲು ಆಗುವುದಿಲ್ಲ. ಕನ್ನಡದಿಂದ ಇಂಗ್ಲಿಷ್‌ಗೆ ತಿರುಗಿಸಲು ಬಳಸಿ, ತೊಂದರೆ ಇಲ್ಲ. ಆದರೆ ನೀವು ಹೇಳದ ಒಂದು ಮಾತೂ ಅದರಲ್ಲಿ ಸೇರಿರಬಾರದು.

ವರ್ಕ್‌ಶಾಪ್ ಪಟ್ಟಿಯಲ್ಲಿ ಬರುವ ಕೆಲವು ಹೆಸರುಗಳನ್ನು ತಿಳಿದುಕೊಂಡಿರಿ. ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಅಂದರೆ ಇಬ್ಬರು ಮೈಭಾರ ಹಂಚಿಕೊಂಡು ಚಲಿಸುವುದು, 1972ರಲ್ಲಿ ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ್ದು. ಗಾಗಾ ಇಸ್ರೇಲಿನ ಓಹಾದ್ ನಹರಿನ್ ಅವರದು, ಕನ್ನಡಿ ಇಲ್ಲದೆ ಮಾಡುತ್ತಾರೆ. ಫ್ಲೈಯಿಂಗ್ ಲೋ ಡೇವಿಡ್ ಝಂಬ್ರಾನೋ ಅವರದು, ನೆಲಕ್ಕೆ ಇಳಿದು ಏಳುವ ಕೆಲಸ. ಮಾಡದೇ ಇದ್ದದ್ದನ್ನು ಮಾಡಿದ್ದೇನೆ ಅಂತ ಮಾತ್ರ ಬರೆಯಬೇಡಿ. ಮೊದಲ ದಿನವೇ ಗೊತ್ತಾಗುತ್ತದೆ.

ಹಂತ 5: ಸಿವಿ, ಶಿಫಾರಸು ಪತ್ರ

ಸಿವಿ ಒಂದು ಪುಟ, ಹೊಸದು ಮೇಲೆ. ಜೂನಿಯರ್, ಸೀನಿಯರ್, ವಿದ್ವತ್ ಅಂತ ಬರೆದರೆ ಹೊರಗಿನವರಿಗೆ ಅರ್ಥ ಆಗದು, ಪಕ್ಕದಲ್ಲಿ ಕರ್ನಾಟಕದ ಶಾಸ್ತ್ರೀಯ ನೃತ್ಯ ಪರೀಕ್ಷೆ ಅಂತ ಒಂದು ಸಾಲು ಸೇರಿಸಿ. “ನಾಟ್ಯ ಮಯೂರಿ” ಥರದ ಬಿರುದು, ದುಡ್ಡು ಕಟ್ಟಿ ತಂದ ಇಂಟರ್‌ನ್ಯಾಷನಲ್ ಶೀಲ್ಡು ಬೇಡ.

ಶಿಫಾರಸು ಪತ್ರ ಕೇಳಿದ್ದರೆ ಶಾಸಕರ ಹತ್ತಿರ ಹೋಗಬೇಡಿ. ನಿಮ್ಮ ಜೊತೆ ಬೆವರು ಸುರಿಸಿದವರು ಬರೆಯಲಿ. ನಿಮ್ಮ ಗುರುಗಳಿಗೆ ಇಂಗ್ಲಿಷ್ ಬರದಿದ್ದರೆ ಅವರು ಕನ್ನಡದಲ್ಲಿ ಬರೆಯಲಿ, ಕೆಳಗೆ ಅನುವಾದ ಹಾಕಿ. ಒಂದು ತಿಂಗಳು ಮುಂಚೆ ಕೇಳಿ. ನಮ್ಮ ಕಡೆ ಗುರುಗಳಿಗೆ ನೆನಪು ಮಾಡುವುದು ಅಂದರೆ ಒಂದು ಸಂಕೋಚ, ಆ ಸಂಕೋಚದಲ್ಲೇ ಕೊನೆಯ ದಿನ ದಾಟಿ ಹೋಗುತ್ತದೆ.

ಹಂತ 6: ಮನೆಯವರೊಂದಿಗೆ ದುಡ್ಡಿನ ಮಾತು

ಸ್ಕಾಲರ್‌ಶಿಪ್ ಅಂದ ಕೂಡಲೇ ಎಲ್ಲ ಖರ್ಚೂ ಅವರದೇ ಅಂದುಕೊಳ್ಳುವುದು ದೊಡ್ಡ ತಪ್ಪು. ಹಾಳೆಯಲ್ಲಿ ಐದು ಸಾಲು ಬರೆಯಿರಿ. ವರ್ಕ್‌ಶಾಪ್ ಶುಲ್ಕ, ಇರಲು ಜಾಗ, ಊಟ, ವಿಮಾನದ ಟಿಕೆಟ್, ವೀಸಾ ಮತ್ತು ವಿಮೆ. ಪ್ರಕಟಣೆ ಓದುತ್ತಾ ಯಾವುದು ಅವರದು, ಯಾವುದು ನಿಮ್ಮದು ಅಂತ ಗುರುತು ಹಾಕಿ. ಸ್ಪಷ್ಟ ಇಲ್ಲದ್ದನ್ನು ಇ-ಮೇಲ್ ಬರೆದು ಕೇಳಿ.

ಈ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಆಡಿ. ಆಯ್ಕೆಯಾದ ಮೇಲೆ ಅಪ್ಪನಿಗೆ ಹೇಳಿದರೆ, ಒಬ್ಬಳೇ ಹೆಂಗ ಹೋಗ್ತಿ ಅನ್ನುವಲ್ಲಿಗೆ ನಿಂತು ಹೋಗುತ್ತದೆ. ಪ್ರಕಟಣೆಯನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ನಾನು ಹಾಗೆ ಹತ್ತಾರು ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದೇನೆ.

ಹಂತ 7: ಈಗ ಫಾರ್ಮ್

ಎಲ್ಲ ಕೈಯಲ್ಲಿದ್ದರೆ ಫಾರ್ಮ್ ಎರಡು ಗಂಟೆಯ ಕೆಲಸ. ಉತ್ತರಗಳನ್ನು ಬೇರೆ ಕಡೆ ಬರೆದಿಟ್ಟು ಅಂಟಿಸಿ, ನಡುವೆ ಕರೆಂಟ್ ಹೋದರೂ ಅಳಬೇಕಾಗಿಲ್ಲ. ಕಡತಕ್ಕೆ ನಿಮ್ಮ ಹೆಸರು ಇರಲಿ, “ಫೈನಲ್ ಫೈನಲ್ 2” ಅಂತ ಇರಬಾರದು.

ಕೊನೆಯ ದಿನ ಅಂದರೆ ವಿಯೆನ್ನಾದ ಗಡಿಯಾರ. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯರಾತ್ರಿ ಆದಾಗ ಇಲ್ಲಿ ಬೆಳಗಿನ ನಾಲ್ಕೂವರೆ. ಆ ನಾಲ್ಕೂವರೆ ಗಂಟೆ ಲಾಭ ಅಂತ ಲೆಕ್ಕ ಹಾಕಿದವರೆಲ್ಲ ಆ ಹೊತ್ತಿನಲ್ಲಿ ತಿರುಗುತ್ತಲೇ ಇರುವ ವೃತ್ತ ನೋಡುತ್ತಾ ಕುಳಿತಿರುತ್ತಾರೆ. ಮೂರು ದಿನ ಮುಂಚೆ ಕಳಿಸಿ. ತಲುಪಿತು ಅಂತ ಬರುವ ಇ-ಮೇಲ್ ಸ್ಪ್ಯಾಮ್‌ನಲ್ಲೂ ಹುಡುಕಿ.

ಹಂತ 8: ಮೋಸದ ಗುರುತುಗಳು

ಅರ್ಜಿಯೇ ಹಾಕದೆ “ನೀವು ಆಯ್ಕೆಯಾಗಿದ್ದೀರಿ” ಅಂತ ವಾಟ್ಸ್ಆ್ಯಪ್ ಬಂದರೆ ಮೋಸ. ಶುಲ್ಕವನ್ನು ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ ಹಾಕಿ ಅಂದರೆ ಮೋಸ. ಪತ್ರದ ವಿಳಾಸ ಸಂಸ್ಥೆಯದ್ದಾಗಿರದೆ ಜಿಮೇಲ್ ಆಗಿದ್ದರೆ ಸಂಶಯ ಇರಲಿ. ವೀಸಾ ನೂರಕ್ಕೆ ನೂರು ಗ್ಯಾರಂಟಿ ಅನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ, ಅದನ್ನು ರಾಯಭಾರ ಕಚೇರಿ ಬಿಟ್ಟು ಯಾರೂ ಹೇಳಲಾರರು. ದುಬೈಯಲ್ಲೋ ಮಲೇಷ್ಯಾದಲ್ಲೋ “ಅಂತರರಾಷ್ಟ್ರೀಯ ನೃತ್ಯೋತ್ಸವ”, ತಲೆಗೆ ಇಷ್ಟು ಸಾವಿರ ಕಟ್ಟಿ, ಎಲ್ಲರಿಗೂ ಪ್ರಶಸ್ತಿ ಅನ್ನುವುದು ಪ್ರವಾಸದ ವ್ಯಾಪಾರ. ಪ್ರವಾಸ ಅಂತ ಹೋದರೆ ತಕರಾರಿಲ್ಲ.

ಹಂತ 9: ಆಯ್ಕೆಯಾದರೆ ವೀಸಾ

ಷೆಂಗನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆಯಲ್ಲಿ ಯುರೋಪಿಗೆ ಹೋಗುವವರ ಸಾಲು ದೊಡ್ಡದು, ಅಪಾಯಿಂಟ್‌ಮೆಂಟೇ ಸಿಗದು. ಆಯ್ಕೆ ಪತ್ರ ಬಂದ ವಾರವೇ ದಿನ ಹಿಡಿಯಿರಿ. ದೊಡ್ಡವರಿಗೆ ಶುಲ್ಕ 90 ಯೂರೋ, ನಮ್ಮ ಲೆಕ್ಕದಲ್ಲಿ ಒಂಬತ್ತು ಸಾವಿರದ ಆಸುಪಾಸು, ಮೇಲೆ ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ.

ಬೆರಳಚ್ಚು ಕೊಡಲು ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. ಬೆಳಗಾವಿಯವರಿಗೆ ರಾಣಿ ಚನ್ನಮ್ಮ, ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಬೆಳಿಗ್ಗೆ ಇಳಿದು ಅವತ್ತೇ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಹಿಂದಿನ ದಿನವೇ ಹೋಗಿ.

ಕಾಗದದಲ್ಲಿ ನಮ್ಮ ಕಡೆಯವರು ಎಡವುವುದು ಆದಾಯದಲ್ಲಿ. ಅಪ್ಪನದು ಹೊಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಲ್ಲಿಸಿರುವುದಿಲ್ಲ. ಆಗ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಹೊಲದ ಉತಾರ (ಪಹಣಿ), ಎರಡಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಕಬ್ಬಿನ ಬಿಲ್ಲು ಒಮ್ಮೆಲೇ ಖಾತೆಗೆ ಬಿದ್ದಿರುತ್ತದೆ. ನಮಗೆ ಅದು ವರ್ಷದ ಗಳಿಕೆ. ಹೊರಗಿನವರ ಕಣ್ಣಿಗೆ ವೀಸಾಕ್ಕೋಸ್ಕರ ಯಾರದೋ ದುಡ್ಡು ತಂದು ಹಾಕಿದ ಹಾಗೆ. ಕಾರ್ಖಾನೆಯ ರಸೀದಿ ಜೋಡಿಸಿ, ಪತ್ರದಲ್ಲಿ ಒಂದು ಸಾಲು ವಿವರಿಸಿ. ನಿಜವಾಗಿಯೂ ಯಾರದೋ ದುಡ್ಡು ತಂದು ಹಾಕುವ ಕೆಲಸ ಮಾತ್ರ ಮಾಡಬೇಡಿ, ಸಿಕ್ಕಿಬೀಳುತ್ತೀರಿ.

ವಾಪಸ್ ಬರುತ್ತೀರಿ ಅನ್ನುವುದಕ್ಕೂ ಆಧಾರ ಬೇಕು. ಕಾಲೇಜಿನ ಪತ್ರ, ಕೆಲಸದ ಕಡೆಯ ರಜೆ ಪತ್ರ, ಸೆಪ್ಟೆಂಬರ್‌ನಲ್ಲಿ ಇಲ್ಲಿ ಒಪ್ಪಿಕೊಂಡ ಕಾರ್ಯಕ್ರಮದ ಪತ್ರ, ಯಾವುದಾದರೂ ಇರಲಿ. ನಿರಾಕರಿಸಿದರೆ ಕಾರಣ ಗುರುತು ಮಾಡಿದ ಒಂದು ನಮೂನೆ ಕೊಡುತ್ತಾರೆ. ಹರಿದು ಹಾಕಬೇಡಿ. ಯಾವ ಕಾಗದ ಕಡಿಮೆ ಬಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ. ಮೇಲ್ಮನವಿಗೂ ಅವಕಾಶ ಇದೆ, ಮತ್ತೆ ಅರ್ಜಿ ಹಾಕಲೂಬಹುದು.

ಹಂತ 10: ಹೊರಡುವ ಮುಂಚಿನ ಎರಡು ತಿಂಗಳು

ವಾರಕ್ಕೆ ಮೂರು ದಿನ ಕ್ಲಾಸ್ ಮಾಡುವ ಮೈ ಒಮ್ಮೆಲೇ ಐದು ವಾರ ದಿನವೂ ಗಂಟೆಗಟ್ಟಲೆ ಕುಣಿದರೆ ಎರಡನೇ ವಾರಕ್ಕೇ ಕೈಕೊಡುತ್ತದೆ. ಮೇ ತಿಂಗಳಿನಿಂದ ನಿಧಾನವಾಗಿ ಹೆಚ್ಚಿಸಿ. ಈ ವಾರ ನಾಲ್ಕು ದಿನ, ಎರಡು ವಾರ ಬಿಟ್ಟು ಐದು ದಿನ. ನೀಪ್ಯಾಡ್ ಎರಡು ಜೊತೆ ಒಯ್ಯಿರಿ. ಮಾರ್ಗದರ್ಶಕರನ್ನು ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿಂದಲೇ ಬರೆದುಕೊಂಡು ಹೋಗಿ. ಅಲ್ಲಿ ಹೋದ ಮೇಲೆ ನಮ್ಮ ಹುಡುಗರು ದೊಡ್ಡವರ ಮುಂದೆ ಮಾತಾಡಬಾರದು ಅಂತ ಸುಮ್ನೆ ಕುಳಿತುಬಿಡುತ್ತಾರೆ, ಎದುರಿನವರು ಇವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಅಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ. ಮೊದಲೆರಡು ದಿನ ನಾಲಿಗೆ ಏಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ಬ್ಯಾಗಿನಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ ಇರಲಿ. ಅವ್ವ ಕುಂದಾ ಕೊಟ್ಟು ಕಳಿಸಲು ಬಂದೇ ಬರುತ್ತಾರೆ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಐರೋಪ್ಯ ಒಕ್ಕೂಟದವರು ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಕಸದ ಡಬ್ಬಿಗೆ ಹೋಗುವ ಬದಲು ಹೊರಡುವ ದಿನ ಮನೆಯಲ್ಲೇ ಕುಳಿತು ತಿಂದು ಹೋಗಿ.